ಮಡಿಯ ಮಣ್ಣಿನ ಲೆಕ್ಕ

ಗಿಡವನ್ನು ಕಂಡವರು ಹೂವನ್ನು ಮೆಚ್ಚುತ್ತಾರೆ, ಹಣ್ಣನ್ನು ಮೆಚ್ಚುತ್ತಾರೆ. ಅದು ಬೇರೂರಿ ನಿಂತ ಮಣ್ಣನ್ನು ಮೆಚ್ಚುವವರು ವಿರಳ, ಅಳೆಯುವವರಂತೂ ಇನ್ನೂ ವಿರಳ. ಶಾಲೆಯ ಕೈತೋಟಕ್ಕೆ ಬೀಜವೆಷ್ಟು, ಬೇಲಿಗೆ ತಂತಿಯೆಷ್ಟು, ನೀರಿಗೆ ಕೊಳವೆಯೆಷ್ಟು ಎಂಬ ವಿಷಯಗಳು ಸಮಿತಿಯ ಮುಂದೆ ಬಂದಾಗ ಕಾಸುಕಾಸಿಗೂ ವಿಚಾರಣೆ ನಡೆಯುತ್ತದೆ. ಮಣ್ಣಿನ ಮಾತು ಬಂದೊಡನೆ, “ನಾಲ್ಕೈದು ಲೋಡು ಹೊಡೆಸಿದರಾಯಿತು” ಎಂಬ ಒಂದು ವಾಕ್ಯದಲ್ಲಿ ಚರ್ಚೆ ಮುಗಿದುಹೋಗುತ್ತದೆ. ಲೆಕ್ಕವಿಲ್ಲದೆ ತರಿಸಿದ ಮಣ್ಣು ಕಡಮೆಯಾದರೆ ಮಡಿಗಳು ಅರ್ಧಕ್ಕೆ ನಿಲ್ಲುತ್ತವೆ. ಹೆಚ್ಚಾದರೆ ಅಂಗಳದ ಮೂಲೆಯಲ್ಲಿ ರಾಶಿಯಾಗಿ ಬಿದ್ದು ಮುಂಗಾರಿನ ಮೊದಲ ಮಳೆಗೆ ಚರಂಡಿಯ ಪಾಲಾಗುತ್ತದೆ. ಎರಡರಲ್ಲಿಯೂ ನಷ್ಟವಾಗುವುದು ದಾನಿಗಳು ನಂಬಿಕೆಯಿಂದ ಕೊಟ್ಟ ಹಣ. ಅದಕ್ಕಿಂತ ಮಿಗಿಲಾಗಿ ನಷ್ಟವಾಗುವುದು ಎಲ್ಲಿಯೋ ಒಂದು ಕಡೆಯ ಒಳ್ಳೆಯ ನೆಲ. ಆದಕಾರಣ ಒಂದು ತೋಟದ ಮಡಿಗಳಿಗೆ ಎಷ್ಟು ಮಣ್ಣು ಬೇಕು, ಅದರಲ್ಲಿ ಎಷ್ಟನ್ನು ಕ್ರಯಕ್ಕೆ ಕೊಳ್ಳಬೇಕು ಎಂಬುದನ್ನು ಕ್ರಮವಾಗಿ ವಿಚಾರಿಸುವುದು ಉಪಾಧ್ಯಾಯರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಮಾನವಾಗಿ ಉಪಯುಕ್ತವಾದೀತು.

ಸ್ಥಳದ ಸ್ವಭಾವ

ಕಾವೇರಿಯ ದಡದಲ್ಲಿರುವ ನೆಲ್ಯಹುದಿಕೇರಿಗೆ ಸೇತುವೆ ದಾಟಿದರೆ ಸಿದ್ದಾಪುರ. ಸುತ್ತ ಕಾಫಿಯ ತೋಟಗಳು, ಕಾಫಿಯ ನೆರಳಿಗೆ ಮರಗಳು, ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಇಂಥ ಹಸುರು ನಾಡಿನಲ್ಲಿ ಮಣ್ಣನ್ನು ಕೊಳ್ಳುವ ಪ್ರಸಂಗವೇ ಬರುವುದಿಲ್ಲವೆಂದು ದೂರದವರು ಭಾವಿಸಬಹುದು. ಆದರೆ ಕೊಡಗಿನಲ್ಲಿ ಮನೆಗಾಗಲಿ ಶಾಲೆಗಾಗಲಿ ಸಮತಟ್ಟಾದ ನಿವೇಶನ ದೊರೆಯುವುದು ಸಾಮಾನ್ಯವಾಗಿ ಇಳಿಜಾರನ್ನು ಕಡಿದ ಮೇಲೆಯೇ. ಹಾಗೆ ಕಡಿದಾಗ ಮೇಲಿನ ಸಾರವತ್ತಾದ ಮಣ್ಣು ಸರಿದುಹೋಗಿ ಅಡಿಯ ಗಡಸು ಕೆಂಪುನೆಲ ಹೊರಬೀಳುತ್ತದೆ. ನದಿಯ ದಡದ ಕಷ್ಟ ಬೇರೆ ಬಗೆಯದು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಜೀವಹಾನಿಯಾದುದೂ, 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಹರಿದು ನೆಲ್ಯಹುದಿಕೇರಿ, ಕರಡಿಗೋಡು ಮೊದಲಾದ ತೀರದ ಊರುಗಳಲ್ಲಿ ಅನೇಕ ಮನೆಗಳನ್ನು ಕೆಡಹಿದುದೂ ಜನರ ನೆನಪಿನಿಂದ ಮಾಸುವ ಸಂಗತಿಗಳಲ್ಲ. ಪ್ರವಾಹವು ಒಂದು ಹಿತ್ತಿಲಿನ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಇನ್ನೊಂದು ಹಿತ್ತಿಲಿನ ಮೇಲೆ ಮರಳನ್ನೂ ಮೆಕ್ಕಲನ್ನೂ ಹಾಸುತ್ತದೆ. ಹೀಗೆ ನೆಲ ಕೆಟ್ಟಲ್ಲಿ ತೋಟವನ್ನು ಹೊಸದಾಗಿ ಕಟ್ಟಬೇಕಾದವರಿಗೆ ಮಣ್ಣಿನ ಲೆಕ್ಕ ಜೀವನದ ಲೆಕ್ಕವೇ ಆಗುತ್ತದೆ.

ಇಲ್ಲಿಯ ಮಳೆಗಾಲಕ್ಕೆ ತಗ್ಗಿನ ಪಾತಿ ಹೊಂದುವುದಿಲ್ಲ. ನೀರು ನಿಂತರೆ ಸಸಿಯ ಬೇರು ಕೊಳೆಯುತ್ತದೆ. ಆದುದರಿಂದ ನೆಲಮಟ್ಟಕ್ಕಿಂತ ಎತ್ತರಿಸಿದ ಏರುಮಡಿಯೇ ಯೋಗ್ಯ. ಕಾಫಿಯ ಸಸಿ ಬೆಳೆಸುವವರಿಗೆ ಇದು ಬಹುಕಾಲದಿಂದ ತಿಳಿದ ವಿಷಯ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವೂ, 1946ರಲ್ಲಿ ಕೊಡಗಿನ ಚೆಟ್ಟಳ್ಳಿಯಲ್ಲಿ ಸ್ಥಾಪಿತವಾದ ಅದರ ಉಪಕೇಂದ್ರವೂ ಬೆಳೆಗಾರರಿಗೆ ಮಾರ್ಗದರ್ಶನ ಮಾಡುತ್ತ ಬಂದಿವೆ. ಕಾಫಿ ಮಂಡಳಿಯ ಶಿಫಾರಸಿನಂತೆ ಒಂದು ಸಸಿಮಡಿಯ ಅಗಲ 1 ಮೀಟರು, ಉದ್ದ 6 ಮೀಟರು, ಎತ್ತರ 15 ಸೆಂಟಿಮೀಟರು. ಅದಕ್ಕೆ ನಾಲ್ಕು ಮಂಕರಿ ಕಳಿತ ಗೊಬ್ಬರ, 2 ಕಿಲೋ ಕೃಷಿ ಸುಣ್ಣ, 400 ಗ್ರಾಂ ಶಿಲಾರಂಜಕ ಸೇರಿಸಬೇಕು. ಡಿಸೆಂಬರ್–ಜನವರಿಯಲ್ಲಿ ಬಿತ್ತಿದ ಬೀಜ ಅಂಥ ಮಡಿಯಲ್ಲಿ ಸುಮಾರು 45 ದಿನಗಳಿಗೆ ಮೊಳೆಯುತ್ತದೆ. ಈ ಮಡಿಯ ಘನಫಲ 0.9 ಘನ ಮೀಟರು, ಎಂದರೆ ಸುಮಾರು 32 ಘನ ಅಡಿ. ತೋಟದಲ್ಲಿ ದುಡಿಯುವವರ ಮಕ್ಕಳು ದಿನವೂ ಕಾಣುವ ಈ ವಸ್ತುವಿನಲ್ಲಿಯೇ ಗಣಿತದ ಒಂದು ಉತ್ತಮ ಪಾಠವಿದೆ.

ಪೂರ್ವಿಕರ ಖಾತಗಣಿತ

ಮಣ್ಣನ್ನು ಅಳೆಯುವ ಶಾಸ್ತ್ರ ಈ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ‘ಖಾತವ್ಯವಹಾರ’ ಎಂಬ ಅಧ್ಯಾಯವೇ ಇದೆ. ಖಾತವೆಂದರೆ ಅಗೆದ ಗುಂಡಿ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಬರೆದು ಗಣಿತವನ್ನು ಕನ್ನಡಕ್ಕೆ ತಂದನು. 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿ ಖಾತದ ಲೆಕ್ಕವೂ ಉಂಟು, ಧಾನ್ಯದ ರಾಶಿಯ ಲೆಕ್ಕವೂ ಉಂಟು. ಕೆರೆ, ಬಾವಿ, ಕೋಟೆಯ ಕಂದಕಗಳನ್ನು ತೋಡಿಸುತ್ತಿದ್ದ ಸಮಾಜಕ್ಕೆ ಈ ವಿದ್ಯೆ ಅನಿವಾರ್ಯವಾಗಿತ್ತು. ಗುಂಡಿಯಿಂದ ಹೊರತೆಗೆದ ಮಣ್ಣನ್ನು ಅಳೆಯುವ ಸೂತ್ರವೇ ಮಡಿಗೆ ಹಾಕುವ ಮಣ್ಣಿಗೂ ಸಲ್ಲುತ್ತದೆ. ಮಡಿಯೆಂಬುದು ತಲೆಕೆಳಗಾದ ಗುಂಡಿಯಷ್ಟೆ.

ಮೂಲಸೂತ್ರ ಸರಳವಾದುದು. ಉದ್ದವನ್ನು ಅಗಲದಿಂದ ಗುಣಿಸಿದರೆ ಕ್ಷೇತ್ರಫಲ. ಅದನ್ನು ಎತ್ತರದಿಂದ ಗುಣಿಸಿದರೆ ಘನಫಲ. ಮೂರು ಅಳತೆಗಳೂ ಒಂದೇ ಮಾನದಲ್ಲಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಉದ್ದ ಅಗಲಗಳನ್ನು ಅಡಿಗಳಲ್ಲಿಯೂ ಎತ್ತರವನ್ನು ಅಂಗುಲಗಳಲ್ಲಿಯೂ ಹಿಡಿದು ಹಾಗೆಯೇ ಗುಣಿಸಿದರೆ ಉತ್ತರ ಹನ್ನೆರಡು ಪಟ್ಟು ಕೆಡುತ್ತದೆ. 6 ಅಂಗುಲವೆಂದರೆ ಅರ್ಧ ಅಡಿ, 4 ಅಂಗುಲವೆಂದರೆ ಅಡಿಯ ಮೂರನೆಯ ಒಂದು ಪಾಲು ಎಂದು ಮೊದಲೇ ಪರಿವರ್ತಿಸಿಕೊಳ್ಳತಕ್ಕದ್ದು.

ನೆಲ ಅಂಕುಡೊಂಕಾಗಿದ್ದರೆ ಹೇಗೆ? ಲೀಲಾವತಿ ಇದಕ್ಕೆ ಉಪಾಯ ಹೇಳುತ್ತದೆ. ಹಲವು ಕಡೆ ಅಳೆದು, ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರೆ ಸಮಮಿತಿ ದೊರೆಯುತ್ತದೆ. ಅಲ್ಲಿಯ ಉದಾಹರಣೆಯಲ್ಲಿ ಒಂದು ಗುಂಡಿಯ ಉದ್ದ ಮೂರು ಕಡೆ 10, 11, 12 ಮೊಳ. ಅಗಲ 5, 6, 7 ಮೊಳ. ಆಳ 2, 3, 4 ಮೊಳ. ಸಮಮಿತಿಗಳು ಕ್ರಮವಾಗಿ 11, 6, 3. ಘನಫಲ 198 ಘನ ಮೊಳ. ಮೊಳವೆಂದರೆ ಸುಮಾರು ಒಂದೂವರೆ ಅಡಿ. ಕೊಡಗಿನವರಿಗೆ ಘನ ಮೊಳ ಅಪರಿಚಿತವಲ್ಲ: ಕಾಫಿ ಗಿಡ ನೆಡಲು ತೋಡುವ 45 ಸೆಂಟಿಮೀಟರು ಚೌಕದ, ಅಷ್ಟೇ ಆಳದ ಗುಂಡಿ ಸರಿಸುಮಾರು ಒಂದು ಘನ ಮೊಳವೇ ಆಗಿದೆ. ಅದರಿಂದ ಹೊರಬರುವ ಮಣ್ಣು ನೆಲದ ಅಳತೆಯಲ್ಲಿ ಸುಮಾರು 3.2 ಘನ ಅಡಿ. ಇಳಿಜಾರಿನ ಅಂಗಳದಲ್ಲಿ ಮಡಿ ಮಾಡುವಾಗ ಮೇಲ್ಬದಿಯ ಎತ್ತರವೊಂದನ್ನೇ ಅಳೆದರೆ ಸಾಲದು. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಸಮಮಿತಿಯನ್ನು ಹಿಡಿಯುವುದೇ ಯುಕ್ತ.

ಓರೆಯ ಬದಿಗಳ ಮಡಿ

ಇನ್ನು ಪ್ರಕೃತಕ್ಕೆ ಬರಬಹುದು. ಒಂದು ಶಾಲೆಯ ಅಂಗಳದಲ್ಲಿ ಹತ್ತು ತರಕಾರಿ ಮಡಿಗಳನ್ನು ಒಂದರ ಪಕ್ಕದಲ್ಲೊಂದು ಕಟ್ಟಬೇಕಾಗಿದೆ ಎಂದು ಕಲ್ಪಿಸಿಕೊಳ್ಳಬಹುದು. ಪ್ರತಿಯೊಂದು ಮಡಿಯ ತಳ 20 ಅಡಿ ಉದ್ದ, 4 ಅಡಿ ಅಗಲ. ಎತ್ತರ ಅರ್ಧ ಅಡಿ. ಎರಡು ಮಡಿಗಳ ನಡುವೆ ಒಂದೂವರೆ ಅಡಿಯ ಕಾಲುದಾರಿ. ನಾಲ್ಕು ಅಡಿಗಿಂತ ಅಗಲವಾದರೆ ಮಕ್ಕಳು ದಾರಿಯಲ್ಲಿ ನಿಂತು ಮಡಿಯ ನಡುವಿಗೆ ಕೈಚಾಚಲಾರರು, ಮಡಿಯನ್ನು ತುಳಿಯಬೇಕಾಗುತ್ತದೆ.

ಸಾಮಾನ್ಯವಾಗಿ ಮಾಡುವ ಲೆಕ್ಕ ಹೀಗೆ: 20ನ್ನು 4ರಿಂದ ಗುಣಿಸಿದರೆ 80, ಅದರ ಅರ್ಧ 40, ಹತ್ತು ಮಡಿಗೆ 400 ಘನ ಅಡಿ. “ಇರಲಿ, ಮಣ್ಣು ಇಳಿಯುತ್ತದೆ” ಎಂದು ಇನ್ನೊಂದು ನೂರು ಸೇರಿಸಿದರೆ 500. ಮರಳು ಮಣ್ಣಿನ ವ್ಯಾಪಾರದಲ್ಲಿ ಒಂದು ಯೂನಿಟ್ ಎಂದರೆ 100 ಘನ ಅಡಿ. ಹೀಗಾಗಿ ‘ನಾಲ್ಕೈದು ಲೋಡು’ ಎಂಬ ಮಾತು ಪೂರ್ತಿ ನಿರಾಧಾರವಾದುದಲ್ಲ. ಅದರ ಹಿಂದೆಯೂ ಒಂದು ಲೆಕ್ಕವಿದೆ. ಆ ಲೆಕ್ಕ ಮಡಿಯನ್ನು ಪೆಟ್ಟಿಗೆಯೆಂದು ಭಾವಿಸಿರುವುದೇ ದೋಷ.

ಕಲ್ಲು ಅಥವಾ ಹಲಗೆಯ ಕಟ್ಟೆಯಿಲ್ಲದ ಮಣ್ಣಿನ ಮಡಿಗೆ ಬದಿಗಳು ನೆಟ್ಟಗೆ ನಿಲ್ಲುವುದಿಲ್ಲ, ಓರೆಯಾಗಿರಬೇಕು. ಅರ್ಧ ಅಡಿ ಎತ್ತರಕ್ಕೆ ಅರ್ಧ ಅಡಿ ಒಳಸರಿದರೆ ಮಡಿಯ ಮೇಲ್ಮೈ 19 ಅಡಿ ಉದ್ದ, 3 ಅಡಿ ಅಗಲವಾಗುತ್ತದೆ. ಇಂಥ ಆಕೃತಿಗೆ ಮಹಾವೀರಾಚಾರ್ಯನು ಮೂರು ಫಲಗಳನ್ನು ಹೇಳುತ್ತಾನೆ. ಮೇಲಿನ ಮತ್ತು ಕೆಳಗಿನ ಅಳತೆಗಳ ಸರಾಸರಿಯನ್ನು ಹಿಡಿದು ಗುಣಿಸಿದರೆ ಬರುವುದು ಕರ್ಮಾಂತಿಕ ಫಲ. ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳ ಸರಾಸರಿಯನ್ನು ಎತ್ತರದಿಂದ ಗುಣಿಸಿದರೆ ಬರುವುದು ಔಂಡ್ರ ಫಲ. ಇವೆರಡರ ಅಂತರದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕ ಫಲಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ. ಏಳನೆಯ ಶತಮಾನದ ಬ್ರಹ್ಮಗುಪ್ತನೂ ಇದೇ ವಿಧಾನವನ್ನು ಬೇರೆ ಹೆಸರುಗಳಿಂದ ಹೇಳಿದ್ದಾನೆ. ಇಂದಿನ ಕ್ಷೇತ್ರಗಣಿತದ ಸೂತ್ರದಿಂದ ಪರೀಕ್ಷಿಸಿದರೂ ಫಲ ಕರಾರುವಾಕ್ಕಾಗಿ ಹೊಂದುತ್ತದೆ.

ಈ ಮಡಿಗೆ ಸರಾಸರಿ ಉದ್ದ 19.5, ಸರಾಸರಿ ಅಗಲ 3.5, ಗುಣಲಬ್ಧ 68.25; ಅದರ ಅರ್ಧ 34.125 ಘನ ಅಡಿ. ಇದು ಕರ್ಮಾಂತಿಕ. ತಳದ ಕ್ಷೇತ್ರಫಲ 80, ಮೇಲ್ಮೈಯದು 57, ಸರಾಸರಿ 68.5, ಅದರ ಅರ್ಧ 34.25. ಇದು ಔಂಡ್ರ. ಅಂತರ 0.125, ಅದರ ಮೂರನೆಯ ಪಾಲನ್ನು ಕೂಡಿಸಿದರೆ ಸೂಕ್ಷ್ಮ ಫಲ ಸುಮಾರು 34.17. ಅಷ್ಟು ಎತ್ತರವಿಲ್ಲದ ಮಡಿಗೆ ಕರ್ಮಾಂತಿಕವೇ ಸಾಕೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದರೆ ಪೆಟ್ಟಿಗೆಯ ಲೆಕ್ಕದ 40ಕ್ಕೂ ಈ 34ಕ್ಕೂ ಇರುವ ಭೇದ ಅಲ್ಪವಲ್ಲ. ಹತ್ತು ಮಡಿಗೆ ಬೇಕಾದುದು 342 ಘನ ಅಡಿ. ಉಳಿದ 58 ಘನ ಅಡಿ ಇಲ್ಲದ ಮೂಲೆಗಳನ್ನು ತುಂಬಲು ತರಿಸಿದ ಮಣ್ಣು.

ಉಬ್ಬುವ ಮಣ್ಣು, ಇಳಿಯುವ ಮಣ್ಣು

ಧಾನ್ಯ ಅಳೆದಂತೆ ಮಣ್ಣನ್ನು ಅಳೆಯಲು ಬಾರದು. ಅದು ಸ್ಥಿತಿಗೆ ತಕ್ಕಂತೆ ಗಾತ್ರವನ್ನು ಬದಲಿಸುತ್ತದೆ. ನೆಲದಲ್ಲಿ ಒತ್ತಾಗಿ ಕುಳಿತ ಮಣ್ಣನ್ನು ಅಗೆದರೆ ಕಣಗಳ ನಡುವೆ ಗಾಳಿ ಸೇರಿ ಅದು ಉಬ್ಬುತ್ತದೆ. ಗೋಡಿನ ಅಂಶವಿರುವ ಸಾಧಾರಣ ಮಣ್ಣು ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಹೆಚ್ಚುವುದುಂಟು. ಹಾಗೆ ಸಡಿಲವಾದ ಮಣ್ಣು ಮಡಿಗೆ ಬಿದ್ದು ಎರಡು ಮಳೆ ಕಂಡ ಮೇಲೆ ಮತ್ತೆ ಇಳಿಯುತ್ತದೆ. ಗೊಬ್ಬರ ಹೆಚ್ಚಾಗಿದ್ದರೆ ಗೊಬ್ಬರವೇ ಕರಗಿ ಮಡಿ ಇನ್ನಷ್ಟು ತಗ್ಗುತ್ತದೆ. ಗೊಬ್ಬರ ಬೆರೆಸಿದ ಮಣ್ಣು ಐದನೆಯ ಒಂದು ಪಾಲು ಇಳಿಯುತ್ತದೆಂದು ಹಿಡಿಯುವುದು ಕ್ಷೇಮ.

ಇಲ್ಲಿ ಎಡವುವವರು ಬಹಳ. ಐದನೆಯ ಒಂದು ಪಾಲು ಇಳಿಯುತ್ತದೆಂದರೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ತಂದರೆ ಸಾಲದು. ನಾಲ್ಕನೆಯ ಒಂದು ಪಾಲನ್ನು ತರಬೇಕು. ನೂರು ಮಂಕರಿ ಸುರಿದರೆ ಎಂಬತ್ತು ಉಳಿಯುತ್ತದೆ. ಎಂಬತ್ತಕ್ಕೆ ನೂರು ಆಗಬೇಕಾದರೆ ಇಪ್ಪತ್ತು ಸೇರಬೇಕು. ಇಪ್ಪತ್ತು ಎಂಬತ್ತರ ನಾಲ್ಕನೆಯ ಪಾಲು. ಮೇಲಿನ ಉದಾಹರಣೆಯ 342ಕ್ಕೆ ನಾಲ್ಕನೆಯ ಪಾಲನ್ನು ಕೂಡಿಸಿದರೆ ಸುಮಾರು 427 ಘನ ಅಡಿ ಸಡಿಲ ಮಿಶ್ರಣ ಬೇಕಾಗುತ್ತದೆ. ಏಳನೆಯ ತರಗತಿಯ ಭಿನ್ನರಾಶಿಯ ಪಾಠಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಉದಾಹರಣೆ ದೊರೆಯುವುದು ಕಷ್ಟ.

ಎಲ್ಲವೂ ಕೊಳ್ಳುವ ಮಣ್ಣಲ್ಲ

ಮಡಿಯ ತುಂಬ ಮಣ್ಣೊಂದನ್ನೇ ಸುರಿಯುವುದು ಕೃಷಿಯ ಪದ್ಧತಿಯಲ್ಲ. ಕಾಫಿ ಸಸಿಯ ಚೀಲಗಳಿಗೆ ಆರು ಪಾಲು ಜರಡಿ ಹಿಡಿದ ಮಣ್ಣು, ಎರಡು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು ಎಂಬ ಪ್ರಮಾಣ ರೂಢಿಯಲ್ಲಿದೆ. ತರಕಾರಿಯ ಮಡಿಗೂ ಇದೇ ಪ್ರಮಾಣವನ್ನು ಆಧಾರವಾಗಿ ಹಿಡಿಯಬಹುದು. ಅಂಟಿನ ಮಣ್ಣಾದರೆ ಮರಳನ್ನು ತುಸು ಹೆಚ್ಚಿಸಿ, ನದಿಯ ದಡದ ಮರಳು ಮಣ್ಣಾದರೆ ಮರಳನ್ನು ಪೂರ್ತಿ ಬಿಟ್ಟು ಗೊಬ್ಬರವನ್ನು ಹೆಚ್ಚಿಸಬೇಕು. 427 ಘನ ಅಡಿಯನ್ನು ಒಂಬತ್ತು ಪಾಲು ಮಾಡಿದರೆ ಒಂದೊಂದು ಪಾಲು ಸುಮಾರು 47.5. ಆದ್ದರಿಂದ ಮಣ್ಣು 285, ಗೊಬ್ಬರ 95, ಮರಳು ಸುಮಾರು 48 ಘನ ಅಡಿ.

ಈ 95 ಘನ ಅಡಿ ಗೊಬ್ಬರ ಶಾಲೆಯ ಸುತ್ತಲಿನಿಂದಲೇ ಒದಗಬಲ್ಲುದು. ನೆರಳಿನ ಮರಗಳಾದ ಹಾಲವಾಣ, ಸಿಲ್ವರ್ ಓಕ್ ಮೊದಲಾದವುಗಳ ತರಗೆಲೆ, ಕಾಫಿ ಹಣ್ಣಿನ ಸಿಪ್ಪೆ, ಅಡಿಗೆಮನೆಯ ಕಸ, ಸೆಗಣಿ ಇವುಗಳನ್ನು ಗುಂಡಿಯಲ್ಲಿ ಕಳಿಯಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಆದರೆ ತುಂಬಿದ ಕಸ ಕಳಿತಾಗ ಅರ್ಧಕ್ಕೂ ಇಳಿಯುವುದರಿಂದ 95 ಘನ ಅಡಿಗೆ ಕಡಮೆಯೆಂದರೂ 200 ಘನ ಅಡಿಯ ಗುಂಡಿ ಬೇಕು: 10 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳ. ಆ ಕೆಲಸವನ್ನು ಮಡಿ ಕಟ್ಟುವ ಹಿಂದಿನ ವರ್ಷವೇ ಆರಂಭಿಸಬೇಕಾಗುತ್ತದೆ. ಸರಿಯಾಗಿ ಕಳಿಯದ ಸಿಪ್ಪೆಯನ್ನು ಮಡಿಗೆ ಹಾಕಿದರೆ ಸಸಿಗಳು ಸೊರಗುತ್ತವೆ.

ಮಣ್ಣಿನಲ್ಲಿಯೂ ಒಂದು ಭಾಗ ಸ್ಥಳದಲ್ಲಿಯೇ ಇದೆ. ಹತ್ತು ಮಡಿಗಳ ನಡುವೆ ಒಂಬತ್ತು ಕಾಲುದಾರಿಗಳು. ಒಂದೊಂದೂ 20 ಅಡಿ ಉದ್ದ, ಒಂದೂವರೆ ಅಡಿ ಅಗಲ. ಇವನ್ನು 4 ಅಂಗುಲ ಅಗೆದರೆ ಒಂದೊಂದರಿಂದ 10 ಘನ ಅಡಿಯಂತೆ 90 ಘನ ಅಡಿ ಮಣ್ಣು ದೊರೆಯುತ್ತದೆ. ಅದು ಐದನೆಯ ಒಂದು ಪಾಲು ಉಬ್ಬಿ 108 ಆಗುತ್ತದೆ. ದಾರಿ ತಗ್ಗಾದುದರಿಂದ ಮಡಿಯ ನೀರು ಬಸಿಯಲು ಇನ್ನಷ್ಟು ಅನುಕೂಲವೂ ಆಯಿತು. ಇಳಿಜಾರಿನಲ್ಲಿ ಮಾತ್ರ ಈ ದಾರಿಗಳು ಇಳಿಜಾರಿಗೆ ಅಡ್ಡವಾಗಿರಬೇಕು. ನೇರ ಕೆಳಮುಖವಾಗಿದ್ದರೆ ಮಳೆಗಾಲದಲ್ಲಿ ಅವು ತೊರೆಗಳಾಗಿ ಮಡಿಯನ್ನೇ ಕೊರೆಯುತ್ತವೆ. ಮಡಿಯ ಅಡಿಯ ನೆಲವನ್ನೂ ಅರ್ಧ ಅಡಿ ಅಗೆದು ಸಡಿಲಗೊಳಿಸಿದರೆ ಬೇರಿಗೆ ಒಟ್ಟು ಒಂದು ಅಡಿ ಆಳ ದೊರೆಯುತ್ತದೆ. ಸೊಪ್ಪಿಗೆ ಅರ್ಧ ಅಡಿ ಸಾಕಾದರೂ ಬದನೆ, ಟೊಮೇಟೊಗಳಿಗೆ ಒಂದು ಅಡಿ ಬೇಕು. ಹೀಗೆ ಅಗೆದ ಅಡಿನೆಲ ಮೊದಲು ಉಬ್ಬಿ ಬಳಿಕ ತನ್ನ ಮಟ್ಟಕ್ಕೆ ಮರಳುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಈಗ ಉಳಿಯುವ ಲೆಕ್ಕ: 285ರಲ್ಲಿ 108 ಕಳೆದರೆ 177 ಘನ ಅಡಿ. ಎಂದರೆ ಎರಡು ಯೂನಿಟ್ಟಿಗೂ ಕಡಮೆ. ಐದು ಲೋಡು ಬೇಕೆಂದು ತೋರಿದ ತೋಟಕ್ಕೆ ಎರಡು ಲೋಡು ಸಾಕಾಯಿತು. ಮಡಿ ತೆಳುವಾಗಲಿಲ್ಲ, ಬೆಳೆಗೆ ಕೊರತೆಯಾಗಲಿಲ್ಲ. ಅಳೆದು ನೋಡಿದುದರಿಂದ ಮೂರು ಲೋಡು ಉಳಿಯಿತು.

ಬಂದ ಮಣ್ಣನ್ನು ಅಳೆಯುವ ಬಗೆ

ಬೇಕಾದುದನ್ನು ಅಳೆಯುವುದು ಅರ್ಧ ಕಾರ್ಯ. ಬಂದುದನ್ನು ಅಳೆಯುವುದು ಉಳಿದರ್ಧ. ಲೋಡು ಎಂಬುದು ವಾಹನದ ಹೆಸರೇ ಹೊರತು ಅಳತೆಯ ಹೆಸರಲ್ಲ. ಟ್ರ್ಯಾಕ್ಟರಿನ ತೊಟ್ಟಿಗಳೆಲ್ಲವೂ ಒಂದೇ ಗಾತ್ರದವಲ್ಲ. ಆದುದರಿಂದ ಮಣ್ಣು ಇಳಿಸುವ ಮುನ್ನ ತೊಟ್ಟಿಯ ಒಳಗಿನ ಉದ್ದ, ಅಗಲ, ಮಣ್ಣು ನಿಂತ ಎತ್ತರ ಇವನ್ನು ಅಳೆದು ಗುಣಿಸಿ ಚೀಟಿಯ ಮೇಲೆ ಬರೆದಿಡುವುದು ಒಳ್ಳೆಯದು. ತೂಕದ ಲೆಕ್ಕದಲ್ಲಿ ಮಣ್ಣನ್ನು ಕೊಳ್ಳುವುದು ಯುಕ್ತವಲ್ಲ. ಒಂದು ಘನ ಅಡಿ ಸಡಿಲ ಮಣ್ಣು ಮೂವತ್ತರಿಂದ ನಲವತ್ತು ಕಿಲೋ ತೂಗುತ್ತದೆ. ಮಳೆಯಲ್ಲಿ ನೆನೆದಿದ್ದರೆ ಇನ್ನೂ ಹೆಚ್ಚು. ಆಗ ಮಣ್ಣಿನ ಬೆಲೆಗೆ ನೀರನ್ನು ಕೊಂಡಂತಾಗುತ್ತದೆ.

ಇಳಿಸಿದ ಮೇಲೆ ಅಳೆಯಬೇಕಾದರೆ ಲೀಲಾವತಿಯ ರಾಶಿವ್ಯವಹಾರ ನೆರವಾಗುತ್ತದೆ. ರಾಶಿಯ ಸುತ್ತಳತೆಯ ಆರನೆಯ ಒಂದು ಪಾಲನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಘನಫಲ ಬರುತ್ತದೆ. ದಪ್ಪ ಕಾಳಿನ ರಾಶಿಯ ಎತ್ತರ ಸುತ್ತಳತೆಯ ಹತ್ತನೆಯ ಒಂದು ಪಾಲೆಂದು ಆ ಗ್ರಂಥ ಹೇಳುತ್ತದೆ. ಸಡಿಲವಾದ ಒಣಮಣ್ಣಿನ ರಾಶಿಯೂ ಹೆಚ್ಚುಕಡಮೆ ಹಾಗೆಯೇ ನಿಲ್ಲುತ್ತದೆ. ಸುತ್ತಳತೆ 30 ಅಡಿ, ಎತ್ತರ 3 ಅಡಿಯಾದರೆ ಆರನೆಯ ಪಾಲು 5, ಅದರ ವರ್ಗ 25, ಮೂರರಿಂದ ಗುಣಿಸಿದರೆ 75 ಘನ ಅಡಿ. ಈ ಸೂತ್ರದಲ್ಲಿ ಪರಿಧಿಯನ್ನು ವ್ಯಾಸದ ಮೂರು ಪಟ್ಟೆಂದು ಸ್ಥೂಲವಾಗಿ ಹಿಡಿಯಲಾಗಿದೆ. ಅದೇ ಗ್ರಂಥ ಬೇರೊಂದೆಡೆ ಹೇಳುವ 22/7 ಎಂಬ ಮಾನವನ್ನು ಹಿಡಿದರೆ ಬಂದ ಉತ್ತರದಲ್ಲಿ 22ನೆಯ ಒಂದು ಪಾಲನ್ನು ಕಳೆಯಬೇಕಾಗುತ್ತದೆ. ಆಗ ಸುಮಾರು 72 ಘನ ಅಡಿ ಎಂಬ ಸರಿಯಾದ ಫಲ ದೊರೆಯುತ್ತದೆ. ರಾಶಿಯನ್ನು ಗೋಡೆಗೆ ಒರಗಿಸಿ ಸುರಿದಿದ್ದರೆ ಕಾಣುವ ಸುತ್ತಳತೆಯನ್ನು ಎರಡರಿಂದ ಗುಣಿಸಿ ಲೆಕ್ಕ ಮಾಡಿ, ಫಲವನ್ನು ಅರ್ಧ ಮಾಡಬೇಕು. ಒಂದು ಯೂನಿಟ್ ಎಂದು ಹಣ ಪಡೆದ ರಾಶಿ ಹೀಗೆ ಅಳೆದಾಗ 72 ಬಂದರೆ 28 ಘನ ಅಡಿ ಬರಬೇಕಾಗಿದೆ ಎಂದು ವಿನಯದಿಂದಲೇ ಕೇಳಬಹುದು. ಅಳತೆಯ ದಾರ ಕೈಯಲ್ಲಿರುವಾಗ ಜಗಳಕ್ಕೆ ಅವಕಾಶವಿಲ್ಲ.

ಮಂಕರಿಯ ಅಳತೆಯೂ ಊರಿನಿಂದ ಊರಿಗೆ ಬೇರೆ. ಒಳಗಿನ ಉದ್ದ, ಅಗಲ, ಆಳ ಒಂದೊಂದು ಅಡಿಯಿರುವ ಮರದ ಪೆಟ್ಟಿಗೆಯೊಂದನ್ನು ಮಾಡಿಸಿಟ್ಟುಕೊಂಡು ಅದು ಎಷ್ಟು ಮಂಕರಿಗೆ ತುಂಬುತ್ತದೆಂದು ಒಮ್ಮೆ ಎಣಿಸಿದರೆ ಆ ಶಾಲೆಗೆ ಅದೇ ಶಾಶ್ವತವಾದ ಮಾನವಾಗುತ್ತದೆ. ಆ ಪೆಟ್ಟಿಗೆ ಸುಮಾರು 28.3 ಲೀಟರು ಹಿಡಿಯುತ್ತದೆ. 10 ಲೀಟರಿನ ಬಕೆಟ್ಟಿನಲ್ಲಿ ಮೂರಕ್ಕೆ ತುಸು ಕಡಮೆ.

ಮಣ್ಣು ಬರುವುದೆಲ್ಲಿಂದ?

ಇಷ್ಟೆಲ್ಲ ಸೂಕ್ಷ್ಮ ಲೆಕ್ಕ ಕೆಲವು ರೂಪಾಯಿಗಳ ಉಳಿತಾಯಕ್ಕಾಗಿಯೇ ಎಂಬ ಶಂಕೆ ಹುಟ್ಟಬಹುದು. ಅದಕ್ಕೆ ಸಮಾಧಾನವನ್ನು ಇನ್ನೊಂದು ಲೆಕ್ಕವೇ ಹೇಳುತ್ತದೆ. ಗಿಡಕ್ಕೆ ಬೇಕಾದ ಸಾರ ನೆಲದ ಮೇಲಿನ ಪದರದಲ್ಲಿದೆ. ಆಳದಿಂದ ತೆಗೆದ ಮಣ್ಣಿನಲ್ಲಿ ಬೆಳೆ ಬಾರದು. ಆದುದರಿಂದ ತೋಟಕ್ಕೆಂದು ಮಾರುವ ಒಳ್ಳೆಯ ಮಣ್ಣೆಲ್ಲ ಯಾವುದೋ ನೆಲದ ಮೇಲ್ಪದರವೇ. ಅರ್ಧ ಅಡಿಯ ಆಳಕ್ಕೆ ಅದನ್ನು ಕೆರೆದು ತರುತ್ತಾರೆಂದು ಇಟ್ಟುಕೊಂಡರೆ, 500 ಘನ ಅಡಿ ಸಡಿಲ ಮಣ್ಣು ನೆಲದಲ್ಲಿದ್ದಾಗ ಸುಮಾರು 417 ಘನ ಅಡಿ. ಅದು 833 ಚದರ ಅಡಿ ನೆಲದ ಮೇಲ್ಪದರ. ಹತ್ತು ಮಡಿಗಳ ತಳದ ವಿಸ್ತೀರ್ಣವೆಲ್ಲ ಸೇರಿ 800 ಚದರ ಅಡಿ ಮಾತ್ರ. ಎಂದರೆ, ಇಲ್ಲಿ ಒಂದು ತೋಟವಾಗಬೇಕಾದರೆ ಅದಕ್ಕಿಂತ ದೊಡ್ಡದಾದ ಒಂದು ನೆಲ ಇನ್ನೊಂದೆಡೆ ಬರಡಾಗಬೇಕು. ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆ ಇಂಥ ವ್ಯವಹಾರಕ್ಕೆ ಅನ್ವರ್ಥವಾಗುತ್ತದೆ. 177 ಘನ ಅಡಿಗಾದರೆ ಬೇಕಾಗುವುದು 295 ಚದರ ಅಡಿ ನೆಲ. ಮೂರನೆಯ ಎರಡು ಪಾಲಿನಷ್ಟು ನೆಲ ಉಳಿಯಿತು. ಒಂದು ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷಗಳು ಹಿಡಿಯುತ್ತವೆಂಬುದನ್ನು ನೆನೆದರೆ ಈ ಉಳಿತಾಯದ ಬೆಲೆ ತಿಳಿಯುತ್ತದೆ.

ಕೊಡಗಿನಲ್ಲಿ ಸಸಿಗೆ ‘ಕಾಡುಮಣ್ಣು’ ಶ್ರೇಷ್ಠವೆಂಬ ಮಾತು ಪ್ರಚಲಿತ. ಮಾತು ನಿಜವೇ, ಆದರೆ ತನ್ನ ತೋಟದ ಮರದಡಿಯ ಮಣ್ಣನ್ನು ತನ್ನ ಸಸಿಗೆ ಬಳಸುವುದು ಬೇರೆ, ಕಾಯ್ದಿಟ್ಟ ಅರಣ್ಯದ ಮಣ್ಣನ್ನು ತರುವುದು ಬೇರೆ. 1963ರ ಕರ್ನಾಟಕ ಅರಣ್ಯ ಕಾಯಿದೆ ಅರಣ್ಯದ ಮೇಲ್ಮಣ್ಣನ್ನು ಅರಣ್ಯೋತ್ಪನ್ನಗಳಲ್ಲಿ ಎಣಿಸಿದೆ. ನದಿಯ ಮರಳಿಗೂ ಸರ್ಕಾರದ ಪರವಾನಗಿ ಅಗತ್ಯ. ಮಣ್ಣನ್ನು ಕೊಡುವವರು ಅದನ್ನು ಎಲ್ಲಿಂದ ತಂದರೆಂದು ಕೇಳುವುದು ವಿದ್ಯಾಸಂಸ್ಥೆಗೆ ಭೂಷಣ. ಮನೆ ಕಟ್ಟಲು ಅಡಿಪಾಯ ತೋಡುವವರು, ಕೆರೆಯ ಹೂಳೆತ್ತಿಸುವವರು, ಅಂಗಳದಲ್ಲಿ ಕುಳಿತ ಮೆಕ್ಕಲನ್ನು ತೆಗೆಸುವವರು ಮಣ್ಣನ್ನು ಹೇಗೂ ಸಾಗಿಸಬೇಕಾಗಿರುತ್ತದೆ. ಅಂಥ ಮಣ್ಣು ದೊರೆತರೆ ಯಾವ ನೆಲವೂ ಹೊಸದಾಗಿ ಬತ್ತಲಾಗುವುದಿಲ್ಲ. ಅಡಿಪಾಯದ ಮಣ್ಣಿನಲ್ಲಿ ಮೇಲಿನ ಒಂದು ಅಡಿಯದನ್ನು ಮಾತ್ರ ಬೇರ್ಪಡಿಸಿ ತರುವುದು ಲೇಸು.

ಹಣ ಕೊಡುವ ಮುನ್ನ ಒಂದು ಸುಲಭವಾದ ಪರೀಕ್ಷೆ. ತುಸು ತೇವವಾದ ಮಣ್ಣನ್ನು ಅಂಗೈಯಲ್ಲಿ ಉಂಡೆ ಕಟ್ಟಿ ಬೆರಳಿನಿಂದ ಒತ್ತಿದರೆ ಉಂಡೆ ಒಡೆದು ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಮರಳು ಹೆಚ್ಚು. ಒಡೆಯದೆ ಚಪ್ಪಟೆಯಾದರೆ ಜೇಡಿ ಹೆಚ್ಚು. ಗಾಜಿನ ಶೀಶೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಕುಲುಕಿ ಒಂದು ದಿನ ಬಿಟ್ಟರೆ ಅಡಿಯಲ್ಲಿ ಮರಳು, ನಡುವೆ ಗೋಡು, ಮೇಲೆ ಜೇಡಿ ಎಂದು ಪದರಗಳಾಗಿ ಕುಳಿತು ಪ್ರಮಾಣ ಕಣ್ಣಿಗೇ ಕಾಣುತ್ತದೆ. ಮಳೆ ಹೆಚ್ಚಾದ ಸೀಮೆಯ ಮಣ್ಣಿಗೆ ಹುಳಿಯ ಗುಣವಿರುತ್ತದೆ. ಕಾಫಿಯ ಸಸಿಮಡಿಗೆ ಸುಣ್ಣ ಹಾಕುವುದು ಇದರಿಂದಲೇ. ತರಕಾರಿ ಮಡಿಗೆ ಎಷ್ಟು ಸುಣ್ಣವೆಂಬುದನ್ನು ಮಣ್ಣಿನ ಪರೀಕ್ಷೆಯಾದ ಮೇಲೆ ನಿರ್ಧರಿಸತಕ್ಕದ್ದು.

ಕಾಲದ ವಿಚಾರವೂ ಮುಖ್ಯವೇ. ಮಣ್ಣನ್ನು ಜನವರಿಯಿಂದ ಮಾರ್ಚಿನ ಒಳಗೆ ತರಿಸಿ, ಮಿಶ್ರಮಾಡಿ, ಮಡಿಯೇರಿಸಿ, ನೀರು ಹನಿಸಿ, ಇಳಿಯಲು ಬಿಡಬೇಕು. ಏಪ್ರಿಲ್ ಮೇ ತಿಂಗಳ ಬಿಡಿಮಳೆಗಳಲ್ಲಿ ಅದು ಕುಳಿತುಕೊಳ್ಳುತ್ತದೆ. ಜೂನಿನಲ್ಲಿ ತರಿಸಿದ ಮಣ್ಣು ಮಡಿಯಲ್ಲಿ ನಿಲ್ಲುವುದಕ್ಕಿಂತ ಹೆಚ್ಚಾಗಿ ಕಾವೇರಿಯತ್ತ ಹರಿಯುತ್ತದೆ. ಕಟ್ಟಿದ ಮಡಿಯ ಮೇಲೆ ಹುಲ್ಲನ್ನೋ ತರಗೆಲೆಯನ್ನೋ ಹೊದಿಸಿದರೆ ಮಳೆಹನಿಯ ಪೆಟ್ಟು ಮಣ್ಣಿಗೆ ತಾಗದು.

ಕಡೆಯದಾಗಿ ಒಂದು ಸೂಚನೆ. ಶಾಲೆಗೆ ತೋಟವನ್ನು ಮಾಡಿಸಿಕೊಡುವ ದಾನಿಗಳ ಮುಂದೆ ಬಂದ ಹಣ, ಹೋದ ಹಣ ಎಂಬ ಎರಡು ಅಂಕಿಗಳನ್ನು ಇಡುವುದು ವಾಡಿಕೆ. ಅದರ ಜೊತೆಗೆ ಮಣ್ಣಿನ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಇಡಬಹುದು: ಮಡಿಗೆ ಬೇಕಾದುದು ಇಷ್ಟು, ಗೊಬ್ಬರದ ಗುಂಡಿಯಿಂದ ಬಂದುದು ಇಷ್ಟು, ಕಾಲುದಾರಿಯಿಂದ ದೊರೆತುದು ಇಷ್ಟು, ಕೊಂಡುದು ಇಷ್ಟು, ಅದು ಇಂಥ ಸ್ಥಳದ್ದು. ಆ ಹಾಳೆಯನ್ನು ವಿದ್ಯಾರ್ಥಿಗಳೇ ಅಳೆದು, ಗುಣಿಸಿ, ಬರೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಮಡಿಯ ಅಂಚಿನಲ್ಲಿ ಅಳತೆಯ ದಾರ ಹಿಡಿದು ಕಲಿತ ಬಾಲಕನು ಮುಂದೆ ಬೆಟ್ಟವನ್ನು ಕಡಿಸುವ ಅಧಿಕಾರಿಯಾಗಲಿ, ಮನೆ ಕಟ್ಟಿಸುವ ಗೃಹಸ್ಥನಾಗಲಿ, ಎಷ್ಟು ಬೇಕೆಂದು ಮೊದಲು ಅಳೆದು ನೋಡದೆ ಗುದ್ದಲಿಗೆ ಕೈ ಹಾಕಲಾರನು.